ಅಕ್ಕ ಹಾಕಿದ ಗುರುತು

ತಂಗಿ ತನ್ನ ಹಾಳೆಯ ಮೇಲೆ ಅಕ್ಕ ಹಾಕಿಕೊಟ್ಟಿದ್ದ ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಉಜ್ಜುತ್ತಿದ್ದಳು. ಅಕ್ಕ ಪಕ್ಕದಲ್ಲೇ ಇದ್ದಳು. ವಿಮಾನ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸದ ಪರೀಕ್ಷೆಗೆ ಅವರ ಪರಿಚಯವಿಲ್ಲದ ನಾನೂ ಅದೇ ಬೆಂಚಿನಲ್ಲಿ ಕಾಯುತ್ತಿದ್ದೆ.

"ಇಂಟರ್‌ನ್ಯಾಷನಲ್ ಅನ್ನೋದನ್ನ ತುಂಡು ಮಾಡಿ, ಮೊದಲನೇ ತುಂಡನ್ನೇ ಒತ್ತಿ ಹೇಳು ಅಂದೆ ನೀನು. ನಾನು ಹಾಗೇ ಓದಿದೆ, ಒಳಗೆಲ್ಲ ನಕ್ಕರು. 'ನ್ಯಾ' ಮೇಲೆ ಒತ್ತಬೇಕಂತೆ," ಅಂದಳು ತಂಗಿ.

"ಗಡಿಬಿಡೀಲಿ ಗುರುತು ತಪ್ಪಿರಬೇಕು ಕಣೇ."

"ಉದ್ದದ ಪದ ಒಂದರಲ್ಲೂ ಸರಿಯಿಲ್ಲ. ಇಂಗ್ಲಿಷ್ ಟೀಚರ್ ನೀನು, ಶಾಲೇಲೂ ಹೀಗೇ ಕಲಿಸ್ತೀಯಾ?"

ಅಕ್ಕ ಬೆಂಚಿನ ಮೇಲೆ ಬಿದ್ದಿದ್ದ ರಬ್ಬರಿನ ಪುಡಿಯನ್ನು ಕೈಯಿಂದ ಒರೆಸಿದಳು.

"ಕೆಲಸ ಸಿಕ್ರೆ ನೀನು ಹೊರಟುಹೋಗ್ತೀಯ. ಹಾಸಿಗೆ ಹಿಡಿದ ಅಮ್ಮನ್ನ ಎತ್ತಿ ಕೂರಿಸೋಕೆ ನಾನೊಬ್ಬಳೇ ಆಗ್ತೀನಿ."

"ಹೋಗಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತು. ವಾರವೆಲ್ಲ ಪಕ್ಕದಲ್ಲಿ ಕೂತು, ಚಪ್ಪಾಳೆ ತಟ್ಟಿ ತಪ್ಪನ್ನೇ ಬಾಯಿಪಾಠ ಮಾಡಿಸಿದೆಯಲ್ಲಕ್ಕಾ! ಚೆನ್ನಾಗಿ ಓದ್ತೀಯ ಅಂತ ಬೆನ್ನು ಬೇರೆ ತಟ್ಟಿದೆ."

"ಇನ್ನೊಂದು ಸಲ ಓದೋಕೆ ಬಿಟ್ಟಿದಾರಲ್ಲ. ಹಾಳೆ ಕೊಡು, ನಮ್ಮಮ್ಮನಾಣೆ, ಈ ಸಲ ಸರಿಯಾಗಿ ಹಾಕ್ತೀನಿ."

ಒಳಗಿಂದ ಕರೆದರು. ಅಕ್ಕ ಪೆನ್ಸಿಲ್ ಹಿಡಿದು ಕೈ ಚಾಚಿದಳು.

"ಬೇಡ," ಅಂದ ತಂಗಿ ಗುರುತಿಲ್ಲದ ಹಾಳೆ ಹಿಡಿದು ಒಳಗೆ ಹೋದಳು.