ರಾಕ್ಷಸನ ತಲೆಗೆ ಹೊಲಿಗೆ

ಬೆಳಿಗ್ಗೆ ತಿ. ನರಸೀಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುವವರ ಸಾಲು. ನನ್ನ ಮುಂದಿದ್ದ ಇಬ್ಬರ ಮುಖದ ಮೇಲೆ ನಾಟಕದ ಬಣ್ಣ ಇನ್ನೂ ಇತ್ತು. ರಾಕ್ಷಸನ ವೇಷದವನು ತಲೆಗೆ ಒತ್ತಿಕೊಂಡಿದ್ದ ಟವೆಲ್ಲಿನಿಂದ ರಕ್ತ ಇಳಿಯುತ್ತಿತ್ತು. ಅವನನ್ನು ಕರೆತಂದವನು ರಾಜಕುಮಾರನ ವೇಷದ ಯುವಕ.

“ಗದೆಗೆ ಹತ್ತಿ ತಾನೆ ತುಂಬೋದು? ಕಲ್ಲು ಯಾಕ್ಲಾ ತುಂಬ್ದೆ, ಪ್ರಸಾದ?”

“ನೀವು ಪವಿತ್ರನ ಕೈ ಮುರುದ್ರಲ್ಲ ಬಾವ, ಅದುಕ್ಕೆ.”

“ಬಾವ ಅಂದ್ರೆ ಇಲ್ಲೇ ಸೀಳಾಕ್ತೀನಿ. ನನ್ ತಂಗಿ, ನಾ ಬಡೀತೀನಿ.”

“ಅವಳು ನನ್ನ ಮದ್ವೆ ಆಯ್ತೀನಿ ಅಂದುದ್ದು ತಪ್ಪಾ?”

“ರಾಕ್ಷಸನ್ನ ಕೊಂದೋನಿಗೆ ಹೆಣ್ಣು ಸಿಗೋದು ನಾಟಕದಲ್ಲಿ ಮಾತ್ರ ಕಣ್ಲಾ. ನಂದಿನ್ನೂ ಎರಡು ಪದ ಇತ್ತು. ಆಡಾಕೂ ಬುಡ್ದೆ ಕೆಡವ್ಬುಟ್ಟೆ.”

“ಜನ ಸಿಳ್ಳೆ ಒಡುದ್ರು.”

“ಪರದೆ ಬಿದ್ಮೇಲೆ ಕೊಂದೋನು ಸತ್ತೋನ ಕಾಲು ಮುಟ್ಬೇಕು. ನಮ್ಮಪ್ಪನ ಕಾಲ್ದಿಂದ ನಡ್ಕಂಡ್ ಬಂದದೆ. ನೀ ಮುಟ್ನಿಲ್ಲ.”

“ಮುಟ್ಟಲ್ಲ. ಸಾಯ್ಲಿ ಅಂತ್ಲೇ ಒಡುದುದ್ದು.”

“ಮನೆಗೋಗಿ ಅವಳ ಇನ್ನೊಂದು ಕೈನೂ ಮುರೀತೀನಿ, ನೋಡ್ತಿರು.”

“ಅವಳು ಮನೇಲಿಲ್ಲ. ನಿಮ್ಮ ತಲೆ ಒಡೆದುದ್ದು ನೋಡ್ಕಂಡು, ಮೊದಲ್ನೇ ಬಸ್ಸಿಗೆ ಬನ್ನೂರಿಗೆ ಒಂಟೋದ್ಲು.”

“ನೀ ಯಾಕೆ ಓಗ್ನಿಲ್ಲ?”



“ಬಸ್ ಅತ್ತಿದ್ದೆ. ಇಳಿ ಅಂದ್ಲು. ನೀನೂ ನಮ್ಮಣ್ಣನಂಗೇ, ಅಂತೋನು ಒಬ್ಬ ಸಾಕು ನಂಗೆ ಅಂದ್ಲು.”

ಒಳಗಿನಿಂದ ನರ್ಸ್ ಕರೆದಳು. ರಾಕ್ಷಸ ಹೆಜ್ಜೆ ಇಟ್ಟವನೇ ತೂರಾಡಿದ. ಪ್ರಸಾದ ಅವನ ತೋಳು ಹಿಡಿದ.

“ಬುಡ್ಲಾ ಕೈಯ.”

ಪ್ರಸಾದ ಬಿಡಲಿಲ್ಲ. ಇಬ್ಬರೂ ಹಾಗೆಯೇ ಒಳಗೆ ಹೋದರು.