ನೂರಾ ಇಪ್ಪತ್ತೆಂಟನೇ ಸಲ

...ಇಲ್ಲ ಅಕ್ಕ, ಭಾವ ಗುಂಡಿ ಒತ್ತಿದ್ರು! ಒತ್ತದೇ ಒಳಗೆ ಹೋದ್ರು ಅಂತ ಕಂಪನಿಯವರು ಬರೆದಿದ್ದಾರಲ್ಲ, ಅದು ಶುದ್ಧ ಸುಳ್ಳು. ಅದನ್ನೇ ಹೇಳೋಣ ಅಂತ ಬಂದೆ. ಕೂತ್ಕೋ... ಕೂತ್ಕೋ ಅಂದೆ.

ನೋಡು, ಆ ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಪ್ರೋಗ್ರಾಮ್ ಬರೆದವನು ನಾನು. ಒಳಗೆ ಹೋಗುವಾಗ ಒಂದು ಗುಂಡಿ, ಹೊರಗೆ ಬರುವಾಗ ಒಂದು. ಹೋದವರ ಲೆಕ್ಕ ಬಂದವರ ಲೆಕ್ಕಕ್ಕಿಂತ ಜಾಸ್ತಿ ಇದ್ರೆ, ಒಳಗೆ ಯಾರೋ ಇದ್ದಾರೆ ಅಂತ. ಆಗ ಬಾಗಿಲು ಲಾಕ್ ಆಗಲ್ಲ. ಇಷ್ಟೇ!

ಆದ್ರೆ ಆ ಲೆಕ್ಕ ಇಡೋಕೆ ನಾನು ಕೊಟ್ಟ ಜಾಗ... ಚಿಕ್ಕದು. ಅಂಕಿ ಇಡೋಕೂ ಡಬ್ಬಿಗಳ ಹಾಗೆ ಅಳತೆ ಇರುತ್ತೆ ಅಕ್ಕ, ಚಿಕ್ಕದು, ದೊಡ್ಡದು. ನಾನು ತೀರಾ ಚಿಕ್ಕದನ್ನ ತಗೊಂಡೆ. ನೂರಾ ಇಪ್ಪತ್ತೇಳರವರೆಗೆ ಹಿಡಿಯುತ್ತೆ. ಇನ್ನೊಂದು ಸೇರಿದ್ರೆ ಸೀದಾ ಮೈನಸ್ ನೂರಾ ಇಪ್ಪತ್ತೆಂಟು! ...ಯಾಕೆ ನಗ್ತೀಯ? ನಗು. ಹುಚ್ಚು ಲೆಕ್ಕಾನೇ ಅದು.

ಎಲ್ಲರದ್ದೂ ಸೇರಿ, ಭಾವ ಒತ್ತಿದ್ದು ನೂರಾ ಇಪ್ಪತ್ತೆಂಟನೇ ಸಲ. ಹೊರಗೆ ಬಂದದ್ದು ನೂರಾ ಇಪ್ಪತ್ತೇಳು, ಒಳಗೆ ಹೋದದ್ದು ಮೈನಸ್. ಒಳಗೆ ಯಾರೂ ಇಲ್ಲ ಅಂದ್ಕೊಂಡು ಲಾಕ್ ಹಾಕ್ತು. ಆ ಚಳಿಯಲ್ಲಿ ಜೀವ ಹೋಗೋವರೆಗೂ ಅವರು ಬಾಗಿಲು ಬಡಿದಿದ್ದಾರೆ ಅಕ್ಕ, ಕೈ ನೀನೇ ನೋಡಿದೆಯಲ್ಲ. ನನಗೆ ಈಗಲೂ ಕೇಳುತ್ತೆ... ಊಟಕ್ಕೆ ಕೂತ್ರೂ, ಬಸ್ಸಲ್ಲಿ ಕೂತ್ರೂ, ದಬ್ ದಬ್ ದಬ್. ಎಣಿಸ್ತಾ ಇರ್ತೀನಿ. ನಿಲ್ಲಿಸೋಕೇ ಆಗಲ್ಲ. ನಿನಗೆ ಕೇಳ್ತಾ? ಈಗ? ...ಹೋಗ್ಲಿ ಬಿಡು.

ಹಣೆಬರಹ! ಎರಡು ದಿನ ಜ್ವರ ಅಂತ ಮನೇಲಿದ್ರಲ್ಲ, ಅದೇ ಮುಳುವಾಯ್ತು. ದಿನಾ ಬೆಳಿಗ್ಗೆ ಅವರೇ ಆ ಬಾಗಿಲಿನ ಮೆಷಿನ್ ಆಫ್ ಮಾಡಿ ಆನ್ ಮಾಡ್ತಿದ್ರು, ಲೆಕ್ಕ ಮತ್ತೆ ಸೊನ್ನೆಗೆ ಬರ್ತಿತ್ತು. ಆ ಎರಡು ದಿನ ಯಾರೂ ಮಾಡಿಲ್ಲ, ಲೆಕ್ಕ ಏರ್ತಾನೇ ಹೋಯ್ತು. ಮೂರನೇ ದಿನ ಲಾರಿ ಕಾಯ್ತಿತ್ತು, ಇವರು ಬಂದವರೇ ಸೀದಾ ಒಳಗೆ...

ಏನು? ಯಾಕೆ ಹಾಗೆ ನೋಡ್ತೀಯ?

ಆಫ್ ಮಾಡೋಕೆ ಯಾರು ಹೇಳಿದ್ರು ಅಂತಾನಾ? ...ನಾನೇ. "ದಿನಾ ಒಂದ್ಸಲ ಮಾಡಿ ಭಾವ, ಮೆಷಿನ್‌ಗೆ ಒಳ್ಳೇದು" ಅಂದಿದ್ದೆ. ಸುಮ್ನೆ... ಹಾಗೇ ಸುಮ್ನೆ ಹೇಳಿದ್ದು...

ಬೈಯಿ ಅಕ್ಕ. ಬೈಯಿ. ಕೆನ್ನೆಗೆ ಬಾರಿಸು.

...ಲೆಕ್ಕ ತಪ್ಪುತ್ತೆ ಅಂತ ಮೊದಲೇ ಗೊತ್ತಿತ್ತಾ ಅಂತಾನಾ? ಹೂಂ. ಗೊತ್ತಿತ್ತು. ಐದು ತಿಂಗಳಿಂದ ಗೊತ್ತಿತ್ತು. ಪ್ರೋಗ್ರಾಮ್‌ನಲ್ಲಿ ಒಂದೇ ಒಂದು ಪದ ಬದಲಾಯಿಸಿ ದೊಡ್ಡ ಡಬ್ಬಿ ಕೊಟ್ಟಿದ್ರೆ ಸಾಕಿತ್ತು. ಬದಲಾಯಿಸಿದ್ರೆ ತಪ್ಪು ನನ್ನದು ಅಂತ ಆಫೀಸಿಗೆಲ್ಲಾ ಗೊತ್ತಾಗ್ತಿತ್ತು, ಮರ್ಯಾದೆ ಹೋಗ್ತಿತ್ತು... ಭಾವ ಯಾಕೆ ಏನು ಅಂತ ಒಂದು ದಿನವೂ ಕೇಳಲಿಲ್ಲ ಅಕ್ಕ. ನಿನ್ನ ತಮ್ಮ ಹೇಳಿದ್ದಾನೆ ಅಂತ ಮಾಡ್ತಿದ್ರು, ಅಷ್ಟೇ.