ಜೊಮ್‌ಸುನಕ್ಕನ ಪಟ್ಟಿ

ನಗಬೇಡ ಮಾರಾಯ್ತಿ! ಅದು ಪೊರಕೆ ಇಡುವ ಕೋಣೆ ಅಂತ ನನಗೇನು ಗೊತ್ತು? ಮುಂಚೆ, ಎಲ್ಲರೂ ಸೇರಿ ಮೀಯುವ ಈ ಸ್ನಾನದ ಮನೆಯಲ್ಲಿ, ತೊಟ್ಟಿಯ ಕೋಣೆಗೆ ಆ ಬಾಗಿಲಿಂದಲೇ ದಾರಿ ಇತ್ತು... ಬದಲಾಯಿಸಿದ್ದಾರೆ. ಇರಲಿ, ನೀನು ಬಟ್ಟೆ ಬಿಚ್ಚು ಇನ್‌ಸುಕ್. ಬಿಚ್ಚು ಅಂದೆನಲ್ಲ! ಒಳಗೆ ನಾಲ್ಕೈದು ಮುದುಕಿಯರಿದ್ದಾರೆ ಅಷ್ಟೇ, ಅವರಿಗೆ ಅವರ ಮೊಣಕಾಲು ನೋವೇ ದೊಡ್ಡದು.

ಏನು, ಗಲ್ಲಾದವಳಾ? 'ಹೊಸಬರಾ' ಅಂತ ಅವಳು ಕೇಳಿದ್ದು ನಿನ್ನನ್ನ... ನನ್ನ ಕಡೆ ನೋಡಿ ಕೇಳಿದಳಾ? ಅವಳಿಗೆ ಮೆಳ್ಳೆಗಣ್ಣು ಬಿಡು.

ಹಾಂ, ಪಟ್ಟಿ ಹೊಟ್ಟೆಗೆ ಸುತ್ತಿಕೋ. ಹೀಗೆ... ಚೀಲ ಅದರೊಳಗೆ ಚಪ್ಪಟೆಯಾಗಿ ಕೂರಬೇಕು. ಎಳಿ, ಹೆದರಬೇಡ, ಹರಿಯಲ್ಲ. ಇದು ನಾನು ಸಮುದ್ರಕ್ಕೆ ಇಳಿಯುವಾಗ ಹಾಕಿಕೊಳ್ತಿದ್ದ ರಬ್ಬರ್ ಅಂಗಿ! ಜೆಜು ದ್ವೀಪದಲ್ಲಿ ಅಮ್ಮನ ಜೊತೆ ಮುಳುಗಿ ಚಿಪ್ಪು ಕೀಳ್ತಿದ್ದವಳು ನಾನು. ಮದುವೆಯಾಗಿ ಇಲ್ಲಿ ಬುಸಾನ್‌ಗೆ ಬಂದ ಮೇಲೂ ಬಿಡಲಿಲ್ಲ. ಆಮೇಲೆ ಕರುಳಿಗೆ ಕ್ಯಾನ್ಸರ್ ಬಂತು. ನಿನಗೆ ಮಾಡಿದ ಹಾಗೇ ಹೊಟ್ಟೆಗೆ ತೂತು ಮಾಡಿ, ಮಲ ತುಂಬಲಿಕ್ಕೆ ಚೀಲ ಅಂಟಿಸಿ ಮನೆಗೆ ಕಳಿಸಿದರು. ಸೊಸೆ ಏನಂದಳು ಗೊತ್ತಾ? 'ಅತ್ತೆ, ಇನ್ನು ಮನೆಯಲ್ಲೇ ಸ್ನಾನ ಮಾಡಿ.' ಮನೆಯಲ್ಲೇ! ನನ್ನ ಬೆನ್ನು ಯಾರು ಉಜ್ಜುತ್ತಾರೆ, ಅವಳಾ? ಆ ಸಿಟ್ಟಿಗೆ ಅಂಗಿಗೆ ಕತ್ತರಿ ಹಾಕಿದೆ. ಮೊದಲನೇ ಪಟ್ಟಿ ಎಷ್ಟು ಬಿಗಿ ಅಂದರೆ, ಚೀಲ ಒಡೆದೇ ಹೋಯ್ತು... ಥೂ, ಆ ಅವಸ್ಥೆ ಕೇಳಬೇಡ. ಕೊನೆಗೆ ಒಳಗಡೆ ಜೇಬು ಹೊಲಿದೆ, ಮುಟ್ಟಿ ನೋಡು, ಚೀಲ ತುಂಬಿದ ಹಾಗೆ ಹಿಗ್ಗುತ್ತೆ. ಈಗ ಊರೂರಿನಿಂದ ಫೋನು. 'ಜೊಮ್‌ಸುನಕ್ಕನ ಪಟ್ಟಿ' ಅಂತಲೇ ಹೆಸರಾಗಿದೆ!

ನೋಡ್ತಾರಾ? ನೋಡಲಿ ಬಿಡು! ಟೊಂಗ್‌ಯಂಗ್ ಊರಿನವಳೊಬ್ಬಳು ಈ ಪಟ್ಟಿ ಕಟ್ಟಿಕೊಂಡು ಬಿಸಿನೀರಿನ ತೊಟ್ಟಿಗೆ ಇಳಿದಳಂತೆ. ಪಕ್ಕದವಳು 'ಅಕ್ಕಾ, ಬೆನ್ನು ಕೊಡಿ, ಉಜ್ಜುತ್ತೇನೆ' ಅಂದಳಂತೆ. ಅಷ್ಟೇ! ನೀರು ಕತ್ತಿನವರೆಗೆ ಬಂದಾಗ ಇವಳು ಅತ್ತೇಬಿಟ್ಟಳಂತೆ, ಸುಖಕ್ಕೆ...

ನನಗಾ? ನನಗೆ ಹೇಗಾಯ್ತು ಅಂತ... ಅದೆಲ್ಲ ಈಗ ಯಾಕೆ? ವಾರವಾರ ಬರ್ತೇನೆ ಅಂತ ಆಸ್ಪತ್ರೆಯ ಸಭೆಯಲ್ಲಿ ಮೈಕು ಹಿಡಿದು ಹೇಳಿದೆನಲ್ಲ! ನೀನೂ ಚಪ್ಪಾಳೆ ತಟ್ಟಿದೆ. ಅದನ್ನು ಕೇಳಿಯೇ ತಾನೇ ಇವತ್ತು ನನ್ನ ಜೊತೆ ಬಂದದ್ದು?

ಇನ್‌ಸುಕ್?

ಯಾಕೆ ಹಾಗೆ ನೋಡ್ತೀ? ಕೋಟು... ಚಳಿ ಆಗ್ತಿದೆ, ಅದಕ್ಕೇ ಹಾಕಿಕೊಂಡಿದ್ದೇನೆ. ಹೌದು, ಈ ಸೆಖೆಯಲ್ಲೇ ಚಳಿ. ಬೆವರಾ? ಅದು... ಹಾಗೆ ನೋಡಬೇಡ ತಂಗಿ. ಬೇಕಾದರೆ ಬಯ್ಯಿ.

...ಇಲ್ಲ. ಬಂದಿಲ್ಲ. ಪಟ್ಟಿ ಹೊಲಿದ ಮೇಲೆ ಒಂದು ಸಲವೂ ಇಲ್ಲ. ಹೊರಗಿನ ಬಾಗಿಲವರೆಗೆ ಬರ್ತೇನೆ. ಆಮೇಲೆ ಮೀನು ಮಾರ್ಕೆಟ್ಟಿನ ನಲ್ಲಿಯಲ್ಲಿ ಕೂದಲು ಒದ್ದೆ ಮಾಡಿಕೊಂಡು ಮನೆಗೆ ಹೋಗ್ತೇನೆ, ಸೊಸೆ ನಂಬಲಿ ಅಂತ. ಅಷ್ಟು ಜನ ಹೆಂಗಸರನ್ನು ನೀರಿಗೆ ಇಳಿಸಿ ನಾನು ದಡದಲ್ಲೇ ನಿಂತೆ ಕಣೇ! ಸಮುದ್ರದಿಂದ ಮೇಲೆ ಬಂದು, ಎಲ್ಲರ ಜೊತೆ ಬತ್ತಲೆ ಕೂತು ಬೆಂಕಿ ಕಾಯಿಸಿಕೊಳ್ತಿದ್ದವಳು... ಈಗ ಕನ್ನಡಿ ಮುಂದೆಯೂ ಅಂಗಿ ಎತ್ತೋದಿಲ್ಲ. ಚೀಲ ಬದಲಿಸುವಾಗ ಕೂಡ ತಡವಿ ತಡವಿ, ಬೇರೆ ಕಡೆ ನೋಡಿಕೊಂಡು...

ಕೋಟಿಗೆ ಯಾಕೆ ಕೈ ಹಾಕ್ತೀ? ಬಿಡು. ನಿನ್ನ ಕೈ ತಣ್ಣಗಿದೆ. ಬಿಡು ಅಂದೆ... ಪಟ್ಟಿ ಇದೆ, ಒಳಗೆ ಕಟ್ಟಿಕೊಂಡೇ ಬಂದಿದ್ದೇನೆ. ದಿನಾ ಕಟ್ಟಿಕೊಳ್ತೇನೆ, ಇವತ್ತು ಇಳಿದೇಬಿಡ್ತೇನೆ ಅಂತ.

ತಾಳು. ಗುಂಡಿ ನಾನೇ ಬಿಚ್ತೇನೆ.

ಇಲ್ಲ, ನೀನು ಮುಖ ತಿರುಗಿಸಬೇಡ. ನೋಡು. ಕಣ್ಣು ನಾನು ಮುಚ್ಚಿಕೊಳ್ತೇನೆ.